ಭೂಕಂಪದ ಕಂದಕಕ್ಕೆ ಕೊಳವೆ: ಬಂದರಿನ ಹಾರ್ಡ್‌ವೇರ್ ಅಂಗಡಿ

ಹಳೆಯ ಭೂಕಂಪ ಯಾವಾಗ ಆಯಿತೆಂದು ತಿಳಿಯಲು ಕಛ್‌ಗೋ ಹಿಮಾಲಯದ ಬುಡಕ್ಕೋ ಹೋಗಿ ಸಕ್ರಿಯ ಸ್ತರಭಂಗಕ್ಕೆ (ನೆಲದ ಪದರಗಳು ಮುರಿದು ಸರಿಯುವ ಬಿರುಕಿಗೆ) ಅಡ್ಡಲಾಗಿ ಕಂದಕ ತೋಡುವ ತಂಡಗಳಿಗೆ ಮರಳಿನ ಮಾದರಿ ತೆಗೆಯುವ ಕೊಳವೆ ಬೇಕೇ ಬೇಕು. ಅದಕ್ಕೆ ಮಂಗಳೂರು ಬಂದರಿನ ಈ ಅಂಗಡಿ ಧಾರಾಳ ಸಾಕು. 2 ಇಂಚಿನ ಜಿಐ ಪೈಪನ್ನು 30 ಸೆಂ.ಮೀ. ಉದ್ದಕ್ಕೆ ಅಲ್ಲೇ ಕತ್ತರಿಸಿ ಕೊಡುತ್ತಾರೆ, ಕೊಯ್ತ ನೇರವಾಗಿರುತ್ತದೆ. ಒಂದು ತುದಿಯನ್ನು ಹೊರಗಿನಿಂದ ಓರೆಯಾಗಿ ಹರಿತ ಮಾಡಿಸಿ, ಕೇಳದಿದ್ದರೆ ಮಾಡುವುದಿಲ್ಲ.

ಬಿಳಿ ಪಿವಿಸಿ ಅಗ್ಗ ಅಂತ ತೋರಿಸುತ್ತಾರೆ, ತೆಗೆದುಕೊಳ್ಳಬೇಡಿ. ಸುತ್ತಿಗೆ ಏಟಿಗೆ ಸೀಳುತ್ತದೆ, ಬೆಳಕೂ ನುಸುಳುತ್ತದೆ. ಮರಳಿನ ಕಣ ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಎಂಬುದನ್ನೇ ಅಳೆಯುವಾಗ ಬೆಳಕು ಸೋಕಿದರೆ ಪದರದ ವಯಸ್ಸು ಕಡಿಮೆ ಬರುತ್ತದೆ, ಇಡೀ ಕಂದಕದ ಶ್ರಮ ನೀರುಪಾಲು.

ಕಂದಕದ ಗೋಡೆಯನ್ನು ಕರಣೆಯಿಂದ ಹೆರೆದ ಮೇಲೆ ಕೊಳವೆಯನ್ನು ಅಡ್ಡಲಾಗಿ, ಪೂರ್ತಿ ತುಂಬುವವರೆಗೆ ಹೊಡೆಯಬೇಕು. ಜಾಗ ಉಳಿದರೆ ಪ್ರಯಾಣದಲ್ಲಿ ಅಲುಗಾಡಿ, ತುದಿಯ ಬೆಳಕು ಕಂಡ ಕಣಗಳು ಒಳಗಿನವುಗಳೊಂದಿಗೆ ಬೆರೆಯುತ್ತವೆ. ಮಾದರಿ ಎರಡು ಕಡೆಯಿಂದ ಬೇಕು: ಸ್ತರಭಂಗ ಕತ್ತರಿಸಿದ ಅತಿ ಎಳೆಯ ಪದರ ಮತ್ತು ಅದರ ಮೇಲೆ ಮುರಿಯದೆ ಹಾಸಿರುವ ಅತಿ ಹಳೆಯ ಪದರ. ಭೂಕಂಪ ಆಗಿದ್ದು ಈ ಎರಡರ ನಡುವಿನ ಕಾಲದಲ್ಲಿ.

ಮುಚ್ಚಳ ಮಾತ್ರ ಇಲ್ಲಿ ಸಡಿಲ. ಕಪ್ಪು ಪ್ಲಾಸ್ಟಿಕ್ ಮಡಚಿ ತುರುಕಿ, ಮೇಲೆ ಅಗಲದ ಟೇಪ್ ಬಿಗಿಯಾಗಿ ಸುತ್ತಿ. ತೇವ ಆರಿದರೂ ಲೆಕ್ಕ ತಪ್ಪುತ್ತದೆ.