ಮಿಲಾನಿನ ಬ್ಯಾಗು: ಚರ್ಮಕ್ಕೆ ಫುಲ್ ಮಾರ್ಕ್ಸ್, ಅಂಚಿಗೆ ಸೊನ್ನೆ

ಕೋವಿಡ್ ಗಲಾಟೆ ತಣ್ಣಗಾದ ಮೇಲೆ, ಮಿಲಾನಿನಲ್ಲಿ ಕೆಲಸ ಕಾಯಂ ಆದ ಖುಷಿಗೆ ಕೊಂಡ ಬ್ಯಾಗು ಇದು. ಬ್ರ್ಯಾಂಡ್ ಹೆಸರು ಹೇಳಲ್ಲ. ವಿಯಾ ಮೊಂಟೆನಪೊಲಿಯೋನೆ ಬೀದಿಯಲ್ಲಿ ಅಂಗಡಿ ಇಟ್ಟಿರುವ ದೊಡ್ಡವರಲ್ಲಿ ಒಬ್ಬರದು. ಆಗ 1,600 ಯೂರೊ. ಲ್ಯಾಪ್‌ಟಾಪ್, ಛತ್ರಿ, ಊಟದ ಡಬ್ಬಿ ಮೂರೂ ಹಿಡಿಸುತ್ತೆ. ಅಳತೆಯ ವಿಚಾರ ಇಷ್ಟು ಸಾಕು.

ಚರ್ಮದ ಬಗ್ಗೆ ಒಂದೇ ಒಂದು ದೂರಿಲ್ಲ. ಟಸ್ಕನಿ ಕಡೆ ಮರದ ತೊಗಟೆಯ ರಸದಲ್ಲಿ ವಾರಗಟ್ಟಲೆ ಹದ ಮಾಡಿದ್ದು. ಕೊಂಡಾಗ ತಿಳಿ ಕಂದು, ಈಗ ಜೋನಿಬೆಲ್ಲದ ಬಣ್ಣಕ್ಕೆ ತಿರುಗಿದೆ. ಭಾನುವಾರ ರಾತ್ರಿ ಸಾರು ಕುದಿಯುವ ಹೊತ್ತಿಗೆ ಒಳಗಿದ್ದದ್ದೆಲ್ಲ ಸುರಿದು, ತಲೆಕೆಳಗೆ ಮಾಡಿ ಕೊಡವಿ, ಕುದುರೆ ಕೂದಲಿನ ಬ್ರಷ್‌ನಲ್ಲಿ ಹೊಲಿಗೆ ಸಾಲಿನ ಧೂಳು ತೆಗೆಯುತ್ತೇನೆ. ಅಪರೂಪಕ್ಕೆ, ಕಡಲೆಕಾಳಿನಷ್ಟು ಬಣ್ಣವಿಲ್ಲದ ಕ್ರೀಮನ್ನು ಹಳೇ ಬನಿಯನ್ನಿಗೆ ತಾಗಿಸಿ ಒರೆಸುವುದು. ಆಮೇಲೆ ಒಳಗೆ ಟೀಶರ್ಟ್ ತುರುಕಿ ಬಟ್ಟೆ ಚೀಲದಲ್ಲಿ ನಿಲ್ಲಿಸಿದರೆ ಆಯಿತು. ಪ್ಲಾಸ್ಟಿಕ್ ಕವರ್ ಮಾತ್ರ ಬೇಡವೇ ಬೇಡ. ಮಳೆಗಾಲದಲ್ಲಿ ಪುತ್ತೂರಿಗೆ ಹೋದಾಗ ಕವರಿನೊಳಗೆ ಕಟ್ಟಿಟ್ಟಿದ್ದ ಅಕ್ಕನ ಬ್ಯಾಗಿಗೆ ಬೂಷ್ಟು ಹಿಡಿಯಿತು, ನನ್ನದಕ್ಕೆ ಏನೂ ಆಗಲಿಲ್ಲ.

ಇಷ್ಟು ಮುದ್ದು ಮಾಡಿದರೂ ಹಿಡಿ ಕೈಕೊಟ್ಟಿತು. ಎರಡು ಪದರ ಚರ್ಮ ಅಂಟಿಸಿ ಹೊಲಿದು, ಕತ್ತರಿಸಿದ ಅಂಚಿಗೆ ಬಣ್ಣ ಬಳಿದಿರುತ್ತಾರೆ. ಸರಿಯಾಗಿ ಮಾಡಬೇಕೆಂದರೆ ಉಜ್ಜಿ, ಹಚ್ಚಿ, ಒಣಗಲು ಬಿಟ್ಟು, ಮತ್ತೆ ಉಜ್ಜಿ, ಮತ್ತೆ ಹಚ್ಚಬೇಕು. ನನ್ನದರಲ್ಲಿ ಭುಜದ ಮೇಲೆ ಬಾಗುವ ಜಾಗದಲ್ಲಿ ಮೊದಲು ಬಿರುಕು ಬಿತ್ತು. ಬೇಸಿಗೆಯಲ್ಲಿ ಅಂಟಂಟಾಯಿತು. ಕೊನೆಗೆ ಉಗುರು ತಾಗಿಸಿದರೆ ಉದ್ದಕ್ಕೆ ಸುಲಿದು ಬರುವಷ್ಟಾಗಿ, ಬಿಳಿ ಕುರ್ತಾದ ಭುಜಕ್ಕೆಲ್ಲ ಕಂದು ಗೆರೆ.

ಯುರೋಪಿನ ಕಾನೂನು ಕೊಡುವ ಎರಡು ವರ್ಷದ ಗ್ಯಾರಂಟಿ ಆಗಷ್ಟೇ ಮುಗಿದಿತ್ತು. ಅಂಗಡಿಯಲ್ಲಿ ನೀರು ಕೊಟ್ಟರು, ಚಾಕೊಲೇಟ್ ಕೊಟ್ಟರು, ಗ್ಲೌಸ್ ಹಾಕಿಕೊಂಡು ಬ್ಯಾಗು ಮುಟ್ಟಿದರು. ಆಮೇಲೆ ಹೇಳಿದ್ದು: ಇದು ಬಳಸಿ ಸವೆದದ್ದು, ಹಿಡಿ ಬದಲಿಸಲು 240 ಯೂರೊ, ಎರಡು ತಿಂಗಳು ಕಾಯಿರಿ. ಪಕ್ಕದ ಕಪಾಟಿನಲ್ಲಿ ಅದೇ ಬ್ಯಾಗು 2,300ಕ್ಕೆ ಏರಿ ಕೂತಿತ್ತು.

ಹಾಗಾದರೆ ನಮ್ಮ ದುಡ್ಡು ಹೋಗುವುದೆಲ್ಲಿಗೆ? 2024ರಲ್ಲಿ ಅಂಗಡಿ ಇರುವ ಆ ಮೊಂಟೆನಪೊಲಿಯೋನೆ ಬೀದಿಯ ಬಾಡಿಗೆ, ನ್ಯೂಯಾರ್ಕಿನ ದುಬಾರಿ ಅಂಗಡಿ ಬೀದಿ ಫಿಫ್ತ್ ಅವೆನ್ಯೂವನ್ನೂ ಹಿಂದೆ ಹಾಕಿತು, ಚದರ ಮೀಟರಿಗೆ ವರ್ಷಕ್ಕೆ ಸುಮಾರು 20,000 ಯೂರೊ. ಇನ್ನು ಹೊಲಿಯುವವರ ಪಾಲು. ಅದೇ ವರ್ಷ ಮಿಲಾನಿನ ಕೋರ್ಟು ಫ್ರಾನ್ಸಿನ ದುಬಾರಿ ಬ್ರ್ಯಾಂಡ್ ಡಿಯೋರ್‌ನ ಇಟಲಿ ತಯಾರಿಕಾ ಘಟಕವನ್ನು ತನ್ನ ಉಸ್ತುವಾರಿಗೆ ತೆಗೆದುಕೊಂಡಾಗ ಒಂದು ಲೆಕ್ಕ ಹೊರಬಿತ್ತು: 2,600 ಯೂರೊಗೆ ಮಾರುವ ಬ್ಯಾಗನ್ನು ಜೋಡಿಸಲು ಗುತ್ತಿಗೆದಾರನಿಗೆ ಕೊಟ್ಟದ್ದು 53 ಯೂರೊ, ಚರ್ಮದ ಖರ್ಚು ಬೇರೆ. 2025ರಲ್ಲಿ ಆ ಉಸ್ತುವಾರಿ ತೆರವಾಗಿದೆ, ನನ್ನ ಬ್ಯಾಗೂ ಅವರದ್ದಲ್ಲ. ಆದರೂ ಆ 53 ತಲೆಯಿಂದ ಹೋಗುತ್ತಿಲ್ಲ.

ಅಮ್ಮನದು ಬೇರೆ ಲೆಕ್ಕ: "ಆ ದುಡ್ಡಿಗೆ ಬಳೆ ಮಾಡಿಸಬಹುದಿತ್ತಲ್ಲ ಮಗಾ, ಅದರ ಬಣ್ಣ ಏಳುವುದಿಲ್ಲ." ಚಿನ್ನ ಈಗ ಎಲ್ಲಿಗೆ ಹೋಗಿ ನಿಂತಿದೆ ನೋಡಿದರೆ ವಾದ ಮಾಡಲು ಬಾಯಿಲ್ಲ.

ಕೊನೆಗೆ ಕೈಹಿಡಿದದ್ದು ನಮ್ಮ ಬೀದಿ ಮೂಲೆಯಲ್ಲಿ ಬೂಟು ರಿಪೇರಿ ಮಾಡುವ ಅಜ್ಜ. ಕನ್ನಡಕ ಹಣೆಗೇರಿಸಿ ಹಿಡಿಯನ್ನು ಬಗ್ಗಿಸಿ ನೋಡಿದವರು, "ಸಿನ್ಯೋರಾ, ಚರ್ಮಕ್ಕೆ ಏನೂ ಹೇಳುವ ಹಾಗಿಲ್ಲ. ಬಣ್ಣ ಹಚ್ಚಿದವನಿಗೆ ಪುರುಸೊತ್ತು ಕೊಟ್ಟಿಲ್ಲ, ಅಷ್ಟೇ" ಅಂದರು. ಹಳೇ ಬಣ್ಣವನ್ನೆಲ್ಲ ಚಾಕುವಿನಲ್ಲಿ ಹೆರೆದು, ಮರಳು ಕಾಗದದಲ್ಲಿ ನುಣ್ಣಗೆ ಉಜ್ಜಿ, ಕಡ್ಡಿಯ ತುದಿಯಲ್ಲಿ ತೆಳ್ಳಗೆ ಒಂದು ಕೋಟು ಎಳೆದು ಗೂಟಕ್ಕೆ ತೂಗುಹಾಕಿದರು. "ನಾಳೆ ಇನ್ನೊಂದು, ನಾಡಿದ್ದು ಮತ್ತೊಂದು. ಶುಕ್ರವಾರಕ್ಕಿಂತ ಮುಂಚೆ ಬರಬೇಡಿ." 35 ಯೂರೊ ತೆಗೆದುಕೊಂಡರು. ಅದಾದ ಮೇಲೆ ಮಿಲಾನಿನ ಬೇಸಿಗೆ ಧಗೆಯಲ್ಲೂ ಅಂಚು ಅಲ್ಲಾಡಿಲ್ಲ.

ಇವತ್ತಿನ ಬೆಲೆಗೆ ಹೊಸದು ಕೊಳ್ಳುತ್ತೀಯಾ ಅಂದರೆ ಇಲ್ಲ. ಜನವರಿ, ಜುಲೈ ತಿಂಗಳ ರಿಯಾಯಿತಿಗೆ ಕಾಯೋಣ ಅಂದರೆ ಈ ಮಾಡೆಲನ್ನು ಅವರು ಇಳಿಸುವುದೇ ಇಲ್ಲ. ಸೆಕೆಂಡ್ ಹ್ಯಾಂಡ್ ಆದರೆ ಧಾರಾಳವಾಗಿ ತೆಗೆದುಕೊಳ್ಳಿ, ಚರ್ಮ ಅಷ್ಟು ಚೆನ್ನಾಗಿದೆ. ಮಾರುವವರು ಮುಂಭಾಗದ ಫೋಟೊ ಕಳಿಸಿ ಸುಮ್ಮನಾಗುತ್ತಾರೆ. ಹಿಡಿಯನ್ನು ಪೂರ್ತಿ ಬಗ್ಗಿಸಿ, ಹಗಲು ಬೆಳಕಿನಲ್ಲಿ ತೆಗೆದ ಅಂಚಿನ ಫೋಟೊ ಕೇಳಿ. ಬಿರುಕು ಕಂಡರೆ 35 ಯೂರೊ ಕಳೆದು ಚೌಕಾಸಿ ಶುರು ಮಾಡಿ.