ಮೂರು ವರ್ಷ ಬಳಸಿದ ಗ್ಯಾಸ್ ಗ್ರಿಲ್: ಕೈಕೊಟ್ಟಿದ್ದು ಗ್ರಿಲ್ ಅಲ್ಲ, ರೆಗ್ಯುಲೇಟರ್

ಎರಡು ಬರ್ನರಿನ ಈ ಗ್ಯಾಸ್ ಗ್ರಿಲ್ ನಮ್ಮ ಬಳ್ಳಾರಿ ಮನೆಯ ಮಾಳಿಗೆ ಏರಿ ಮೂರು ವರ್ಷ ಆಯಿತು. ಮೊದಲು ಇದ್ದಿಲಿನ ಗ್ರಿಲ್ ಇತ್ತು. ಪಕ್ಕದ ಮನೆಯವರು ಒಣಗಲು ಹಾಕಿದ ಸೀರೆಗೆಲ್ಲ ಹೊಗೆ ವಾಸನೆ ಹಿಡಿದು, ಮಾತಿಗೆ ಮಾತು ಬೆಳೆದು, ಕೊನೆಗೆ ಗ್ಯಾಸಿನದು ತರಿಸಿದೆವು. ಇದ್ದಿಲಿನ ರುಚಿ ಬರಲ್ಲ, ನಿಜ. ಆದರೆ ಬದನೆಕಾಯಿ ಸುಡೋಕೆ ಇದಕ್ಕಿಂತ ಒಳ್ಳೇದು ನಾನು ನೋಡಿಲ್ಲ. ಮೆಕ್ಕೆಜೋಳದ ತೆನೆ, ಚಿಕನ್, ಪನ್ನೀರ್ ಎಲ್ಲಾ ಸಮನಾಗಿ ಬೇಯುತ್ತೆ. ಎರಡೂ ಬರ್ನರ್ ಪೂರ್ತಿ ಬಿಟ್ಟರೆ ಗಂಟೆಗೆ ಹೆಚ್ಚುಕಮ್ಮಿ ಅರ್ಧ ಕೆ.ಜಿ. ಗ್ಯಾಸ್ ಹೋಗುತ್ತೆ. ಸಿಲಿಂಡರನ್ನು ತಕ್ಕಡಿಗೆ ಹಾಕಿ ನೋಡಿಯೇ ಹೇಳ್ತಿದ್ದೀನಿ.

ಈಗ ಅಸಲಿ ವಿಷಯ. ಹೋದ ಬೇಸಿಗೆಯ ಒಂದು ಭಾನುವಾರ ಮನೆ ತುಂಬ ನೆಂಟರು. ಮಸಾಲೆ ಹಚ್ಚಿದ ಚಿಕನ್ ರೆಡಿ. ಹೊಸ ಸಿಲಿಂಡರಿಗೆ ರೆಗ್ಯುಲೇಟರ್ ಕೂರಿಸಿ ತಿರುವಿದರೆ ನಾಬ್ ಅಲ್ಲಾಡಲೇ ಇಲ್ಲ. ನನ್ನ ಮೈದುನ ಕಟಿಂಗ್ ಪ್ಲೇಯರ್ ತಂದ. ಅತ್ತೆ "ಎರಡು ಹನಿ ಕೊಬ್ಬರಿ ಎಣ್ಣಿ ಬಿಡವ್ವಾ" ಅಂದರು. ಎಣ್ಣೆ ಬಾಟಲಿ ಕೈಗೂ ಬಂದಿತ್ತು.

ಅಷ್ಟರಲ್ಲಿ ಮಗ ಫೋನಿನಲ್ಲಿ ವಿಡಿಯೋ ಹುಡುಕಿದ. ಸಿಕ್ಕವೆಲ್ಲ ಅಮೆರಿಕದವು. ಅಲ್ಲಿನ ಗ್ರಿಲ್‌ಗೆ 20 ಪೌಂಡಿನ, ಅಂದರೆ ಸುಮಾರು 9 ಕೆ.ಜಿ.ಯ ಪ್ರೊಪೇನ್ ಟ್ಯಾಂಕ್. ಅದರ ತಲೆ ಮೇಲೆ ಕೈಯಲ್ಲಿ ತಿರುವುವ ಚಕ್ರ ಇರುತ್ತೆ. ಅದನ್ನು ಒಮ್ಮೆಲೇ ಪೂರ್ತಿ ತೆರೆದರೆ ಒಳಗಿನ ಸುರಕ್ಷತಾ ಸಾಧನ 'ಎಲ್ಲೋ ಪೈಪ್ ಹರಿದಿದೆ' ಅಂದುಕೊಂಡು ಗ್ಯಾಸನ್ನು ಹಿಡಿದುಬಿಡುತ್ತದಂತೆ. ಎಲ್ಲಾ ಬಂದ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು, ನಿಧಾನ ತೆರೆದರೆ ಸರಿಹೋಗುತ್ತೆ. ಒಳ್ಳೆ ಉಪಾಯವೇ. ಆದರೆ ನಮ್ಮ 14.2 ಕೆ.ಜಿ. ಸಿಲಿಂಡರಿಗೆ ಆ ಚಕ್ರವೇ ಇಲ್ಲವಲ್ಲ! ನಮ್ಮಲ್ಲಿ ವಾಲ್ವ್ ತಾನಾಗೇ ಮುಚ್ಚಿಕೊಂಡಿರುತ್ತೆ. ರೆಗ್ಯುಲೇಟರ್ ಕೂತು, ನಾಬ್ ತಿರುಗಿದಾಗ ಮಾತ್ರ ತೆರೆಯುತ್ತೆ. ಸರಿಯಾಗಿ ಕೂರದಿದ್ದರೆ ನಾಬ್ ತಿರುಗಲೇಬಾರದು, ಅದನ್ನು ಮಾಡಿರೋದೇ ಹಾಗೆ.

ಅವತ್ತು ಚಿಕನ್ ಕೆಳಗಿನ ಒಲೆ ಮೇಲೆ ತವೆಯಲ್ಲಿ ಬೆಂದಿತು. ಸೋಮವಾರ ಏಜೆನ್ಸಿ ಹುಡುಗ ಬಂದು, ನೋಡಿ ನಕ್ಕ. "ಅಕ್ಕಾ, ಜೋರು ಮಾಡಬ್ಯಾಡ್ರಿ, ಇದು ಬಾಟ್ಲಿ ಮುಚ್ಚಳ ಅಲ್ಲ. ಕಾಲರ್‌ನಾಗ ಧೂಳು ತುಂಬೈತಿ ನೋಡ್ರಿ" ಅಂದ. ರೆಗ್ಯುಲೇಟರಿನ ಕೆಳಗೆ ಮೇಲಕ್ಕೆ ಎತ್ತುವ ಕರಿ ಪ್ಲಾಸ್ಟಿಕ್ ಬಳೆ ಇದೆಯಲ್ಲ, ಅದೇ ಕಾಲರ್. ಅದರ ಒಳಗೆ ಸಣ್ಣ ಸ್ಟೀಲ್ ಗುಂಡುಗಳು. ಅವೇ ವಾಲ್ವಿನ ಕುತ್ತಿಗೆ ಹಿಡಿಯೋದು. ನಮ್ಮೂರಿನ ಅದಿರಿನ ಕೆಂಪು ಧೂಳು, ಗ್ರಿಲ್‌ನಿಂದ ಹಾರಿದ ಎಣ್ಣೆ ಜಿಡ್ಡು ಸೇರಿ ಅಲ್ಲಿ ಮೇಣದ ಹಾಗೆ ಕೂತಿತ್ತು. ಕಾಲರ್ ಪೂರ್ತಿ ಇಳಿದಿರಲಿಲ್ಲ, ಅಷ್ಟೇ.

ಅವನು ಮಾಡಿದ್ದು ಇಷ್ಟು. ನಾಬ್ ಆಫ್‌ನಲ್ಲಿಟ್ಟು, ಕಾಲರ್ ಎತ್ತಿ ರೆಗ್ಯುಲೇಟರ್ ತೆಗೆದ. ಕೂಡಲೇ ಸಿಲಿಂಡರಿಗೆ ಕ್ಯಾಪ್ ಹಾಕಿದ. ಒಣ ಬಟ್ಟೆ, ಹಳೇ ಹಲ್ಲಿನ ಬ್ರಷ್‌ನಿಂದ ಕಾಲರ್ ಉಜ್ಜಿದ. ಎಣ್ಣೆ ಬೇಡವೇ ಬೇಡ, ರಬ್ಬರ್ ಹಾಳಾಗುತ್ತೆ, ಧೂಳು ಇನ್ನೂ ಜಾಸ್ತಿ ಅಂಟುತ್ತೆ ಅಂದ. ವಾಲ್ವಿನ ಬಾಯೊಳಗಿನ ರಬ್ಬರ್ ವಾಷರ್ ಸೀಳಿದೆಯಾ ನೋಡಿದ. ಕಾಲರ್ ಎತ್ತಿ ಹಿಡಿದು, ನೇರವಾಗಿ ಇಟ್ಟು, ಚೂರು ಆಚೆ ಈಚೆ ತಿರುವಿ, ಕಾಲರ್ ಬಿಟ್ಟು ಒತ್ತಿದ. 'ಟಿಕ್' ಅಂತು. ನಾಬ್ ಎರಡೇ ಬೆರಳಿಗೆ ತಿರುಗಿತು. ಆಮೇಲೆ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತಾ ಅಂತ ನೋಡಿದ. ಕಡ್ಡಿ ಗೀರಿ ನೋಡೋ ಹಿರಿಯರು ಇನ್ನೂ ಇದ್ದಾರೆ, ದಯವಿಟ್ಟು ಬೇಡ.

ಇನ್ನೊಂದು ಸಲ ಉಲ್ಟಾ ಆಯಿತು. ಖಾಲಿಯಾಗದ ಸಿಲಿಂಡರಿನಿಂದ ರೆಗ್ಯುಲೇಟರ್ ತೆಗೆದೆ, ವಾಲ್ವಿನ ಪಿನ್ ಮೇಲೆ ಬರದೆ ಸಿಕ್ಕಿಕೊಂಡು 'ಸುಯ್' ಅಂತ ಗ್ಯಾಸ್. ಎದೆ ಧಸಕ್ ಅಂತು. ದಾರದಲ್ಲಿ ನೇತಾಡುವ ಬಿಳಿ ಕ್ಯಾಪನ್ನು ಒತ್ತಿ ಕೂರಿಸಿದೆ, ನಿಂತಿತು. ಪಿನ್ನಿಗೆ ಮೊಳೆ, ಚಾಕು ತಾಗಿಸಲಿಲ್ಲ. ಏಜೆನ್ಸಿಯಲ್ಲಿ ಯಾರೂ ಫೋನ್ ಎತ್ತಲಿಲ್ಲ. ಗ್ಯಾಸ್ ಸೋರಿಕೆಯ ತುರ್ತು ನಂಬರ್ 1906ಕ್ಕೆ ಮಾಡಿದೆ, ಎತ್ತಿದರು. ಸಿಲಿಂಡರ್ ಬದಲಾಯಿತು. ಆ ಕ್ಯಾಪ್ ಕಿತ್ತು ಬಿಸಾಡುವವರು ನಮ್ಮ ಓಣಿಯಲ್ಲೇ ಎಷ್ಟು ಮಂದಿ! ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೇ ಹರಡುತ್ತೆ. ನಮ್ಮದು ಮಾಳಿಗೆ ಆಗಿದ್ದಕ್ಕೆ ಬಚಾವ್. ಅಡುಗೆಮನೆ ಆಗಿದ್ದರೆ?

ಗ್ರಿಲ್‌ಗೆ ಐದರಲ್ಲಿ ನಾಲ್ಕು ಕೊಡ್ತೀನಿ. ಒಂದು ಕಳೆದಿದ್ದು ಇಗ್ನಿಷನ್ ಬಟನ್‌ಗೆ. ಎರಡನೇ ಮಳೆಗಾಲಕ್ಕೇ ಸತ್ತಿತು, ಈಗ ಲೈಟರೇ ಗತಿ. ಕಿತ್ತಳೆ ಬಣ್ಣದ ಟ್ಯೂಬನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕು, ನಮ್ಮದಕ್ಕೆ ಇನ್ನೂ ಎರಡು ವರ್ಷ ಇದೆ. ಅತ್ತೆ ಹಳೇ ಲುಂಗಿ ಹರಿದು ರೆಗ್ಯುಲೇಟರಿಗೊಂದು ಟೊಪ್ಪಿಗೆ ಹೊಲಿದಿದ್ದಾರೆ. ಗ್ರಿಲ್ ಹಚ್ಚೋ ಮುಂಚೆ ತೆಗೀತೀವಿ, ಆರಿಸಿದ ಮೇಲೆ ಹಾಕ್ತೀವಿ. ಅದಾದ ಮೇಲೆ ನಾಬ್ ಸಿಕ್ಕಿಕೊಂಡಿಲ್ಲ.