ಶುಗರ್ ಇರುವವರ ಗುಂಪು ನಡೆಸುವವರಿಗೆ: ಮೈಸೂರಿನ ಎರಡು ದಿನದ ತರಬೇತಿ ಹೇಗಿತ್ತು

ಹುಣಸೂರು ಕಡೆಯ ನಾಲ್ಕು ಹಳ್ಳಿಗಳಲ್ಲಿ ಒಂದೂವರೆ ವರ್ಷದಿಂದ ಶುಗರ್ ಇರುವವರ ಗುಂಪು ನಡೆಸುತ್ತಿದ್ದೇನೆ. ನಾನು ಡಾಕ್ಟರಲ್ಲ, ನರ್ಸಲ್ಲ. ನನಗೇ ಹನ್ನೊಂದು ವರ್ಷದಿಂದ ಶುಗರ್ ಇದೆ, ಅಷ್ಟೇ ಅರ್ಹತೆ. ಬುಧವಾರ ಬುಧವಾರ ಜಗಲಿ ಮೇಲೆ ಕೂತು, ಮಾತ್ರೆ ಬಿಟ್ಟವರಿಗೆ, ಎಷ್ಟು ಮುದ್ದೆ ಉಣ್ಣಬೇಕು ಅಂತ ತಿಳಿಯದವರಿಗೆ, ಅದೇ ಕಾಯಿಲೆ ಇರುವ ಇನ್ನೊಬ್ಬರು ದಾರಿ ಹೇಳುವ ಕೆಲಸ ಇದು. ಇನ್ನೂ ಆರು ಹಳ್ಳಿಗೆ ಹೋಗೋಣ ಅಂದಾಗ ದುಡ್ಡು ಕೊಡುವವರು ಕೇಳಿದರು: "ಇದರಿಂದ ಜನಕ್ಕೆ ಉಪಯೋಗ ಆಗಿದೆ ಅನ್ನೋದಕ್ಕೆ ಏನು ಪುರಾವೆ ಇದೆ?" ನನ್ನ ಹತ್ತಿರ ಇದ್ದದ್ದು ಹಾಜರಿ ಪುಸ್ತಕ, ಒಂದಷ್ಟು ಫೋಟೊ. ಅದಕ್ಕೇ 1,500 ರೂಪಾಯಿ ಕಟ್ಟಿ, ಗುಂಪಿನಿಂದ ಉಪಯೋಗ ಆಗಿದೆಯೋ ಇಲ್ಲವೋ ಅಂತ ಅಳೆಯುವುದನ್ನು ಹೇಳಿಕೊಡುವ ಈ ತರಬೇತಿಗೆ ಹೋದೆ.

ಮೊದಲ ದಿನದ ಬೆಳಗಿನ ಹೊತ್ತಿಗೇ ಕೊಟ್ಟ ದುಡ್ಡು ವಸೂಲಾಯಿತು. ಗುಂಪಿನವರನ್ನು ಕೇಳುವುದಕ್ಕೆ ನಾನು 42 ಪ್ರಶ್ನೆಗಳ ಫಾರಂ ಬರೆದುಕೊಂಡು ಹೋಗಿದ್ದೆ. ಹೇಳಿಕೊಡುವ ಮೇಡಂ ಪಕ್ಕದಲ್ಲೇ ಕೂತು, ಒಂದೊಂದು ಪ್ರಶ್ನೆಯ ಮೇಲೂ ಪೆನ್ಸಿಲ್ ಇಟ್ಟು, "ಇದಕ್ಕೆ ಉತ್ತರ ಸಿಕ್ಕರೆ ನಿಮ್ಮ ಕೆಲಸದಲ್ಲಿ ಏನು ಬದಲಾಯಿಸ್ತೀರಿ?" ಅಂತ ಕೇಳಿದರು. ಮನೆಗೆ ಹೆಂಚೋ ತಾರಸಿಯೋ ಅನ್ನುವ ಪ್ರಶ್ನೆಗೆ ನನ್ನಲ್ಲಿ ಉತ್ತರವೇ ಇರಲಿಲ್ಲ. ಗೆರೆ ಎಳೆದರು. ಊಟದ ಹೊತ್ತಿಗೆ 14 ಉಳಿದವು. "ಕಳೆದ ಏಳು ದಿನದಲ್ಲಿ ಎಷ್ಟು ದಿನ ಪಾದ ನೋಡಿಕೊಂಡಿರಿ?" ಅನ್ನುವುದು ಉಳಿಯಿತು, ಏಕೆಂದರೆ ನಾವು ಗುಂಪಿನಲ್ಲಿ ಹೇಳಿಕೊಡುವುದೇ ಅದನ್ನು.

ಆಮೇಲೆ ಹೇಳಿದ್ದು ಕೇಳಿ ಸ್ವಲ್ಪ ಹೊತ್ತು ಮಂಕಾಗಿ ಕೂತೆ. ಜನ ಗುಂಪಿಗೆ ಬರುವುದೇ ಶುಗರ್ 300 ದಾಟಿ ಹೆದರಿದಾಗ. ಅದೇ ಹೊತ್ತಿಗೆ ಡಾಕ್ಟರು ಮಾತ್ರೆ ಹೆಚ್ಚಿಸಿರುತ್ತಾರೆ. ಗುಂಪು ಇರಲಿ ಬಿಡಲಿ, ಶುಗರ್ ಒಂದಿಷ್ಟು ಇಳಿಯುತ್ತದೆ. ಆ ಇಳಿಕೆಯನ್ನೆಲ್ಲ ನಮ್ಮ ಲೆಕ್ಕಕ್ಕೆ ಬರೆದುಕೊಳ್ಳುವ ಹಾಗಿಲ್ಲ. ಹೋಲಿಸಿ ನೋಡಲು ಗುಂಪು ಇಲ್ಲದ ಊರೂ ಬೇಕು. ಹಾಗಂತ ಯಾರಿಗೂ ಸಹಾಯ ತಪ್ಪಿಸಬೇಕಿಲ್ಲ: ಆರು ಹೊಸ ಹಳ್ಳಿಗಳಲ್ಲಿ ಚೀಟಿ ಎತ್ತಿ ಮೂರರಲ್ಲಿ ಈಗ, ಉಳಿದ ಮೂರರಲ್ಲಿ ಆರು ತಿಂಗಳು ಬಿಟ್ಟು ಶುರು ಮಾಡುವುದು, ಆರರಲ್ಲೂ ಇವತ್ತೇ ಅಳೆದಿಡುವುದು. ಎಚ್‌ಬಿಎ1ಸಿ, ನಮ್ಮ ಕಡೆ 'ಮೂರು ತಿಂಗಳ ಶುಗರ್' ಅನ್ನುತ್ತಾರಲ್ಲ, ಅದು ಹಿಂದಿನ ಎರಡು ಮೂರು ತಿಂಗಳ ಸರಾಸರಿ. ಹಾಗಾಗಿ ಒಂದೇ ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಿಸಿದರೆ ದುಡ್ಡು ದಂಡ.

ಕೇರಳದ ಉದಾಹರಣೆಯನ್ನೂ ಬಿಡಿಸಿ ಹೇಳಿದರು. ತಿರುವನಂತಪುರಂ ಜಿಲ್ಲೆಯ 60 ಮತಗಟ್ಟೆ ವ್ಯಾಪ್ತಿಗಳು, ಶುಗರ್ ಬರುವ ಸಾಧ್ಯತೆ ಹೆಚ್ಚಿದ್ದ 1,007 ಜನ, ಊರಿನವರೇ ಮುಂದಾಗಿ ನಡೆಸಿದ ಗುಂಪುಗಳು. ಎರಡು ವರ್ಷಕ್ಕೆ ಗುಂಪಿನಲ್ಲಿದ್ದವರಲ್ಲಿ ಶೇ. 14.9, ಇಲ್ಲದವರಲ್ಲಿ ಶೇ. 17.1 ಜನಕ್ಕೆ ಶುಗರ್ ಬಂತು. ಅಷ್ಟು ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದು ಅಂತ 2018ರಲ್ಲಿ ಆ ಅಧ್ಯಯನ ಮಾಡಿದವರೇ ಪ್ರಕಟಿಸಿದರು. ಆದರೆ ಹಣ್ಣು ತರಕಾರಿ ತಿನ್ನುವುದು, ಕುಡಿತ ಇವನ್ನೂ ಮೊದಲಿನಿಂದಲೇ ಅಳೆದಿದ್ದರಿಂದ ಅಲ್ಲಿ ಆದ ಒಳ್ಳೆಯ ಬದಲಾವಣೆ ಕಾಣಿಸಿತು. ಅಷ್ಟು ದೊಡ್ಡ ಕೆಲಸ ಮಾಡಿದವರು ಇದ್ದದ್ದನ್ನು ಇದ್ದಂತೆ ಹೇಳಿದ್ದು ನನಗೆ ತುಂಬಾ ಧೈರ್ಯ ಕೊಟ್ಟಿತು.

ಎರಡನೇ ದಿನ ಹಾಜರಿ ಪುಸ್ತಕ ತೆಗೆಸಿದರು. ನನ್ನ ಒಂದು ಗುಂಪಿನಲ್ಲಿ 26 ಹೆಸರು, ಈಗ ಬರುವವರು 15. ಬಿಟ್ಟುಹೋದ 11 ಜನರನ್ನು ನಾನು ಒಮ್ಮೆಯೂ ಮಾತಾಡಿಸಿರಲಿಲ್ಲ. ಉಳಿದವರನ್ನಷ್ಟೇ ಕೇಳಿದರೆ ಎಲ್ಲ ಚೆನ್ನಾಗಿದೆ ಅಂತಲೇ ಬರುತ್ತದೆ. ಗುಂಪು ನಡೆಸುವವಳೇ ಹೋಗಿ ಕೇಳಿದರೂ ಅಷ್ಟೇ, "ನೀನು ಬಂದು ತುಂಬಾ ಒಳ್ಳೇದಾಯ್ತು ಕಣವ್ವ" ಅಂತಾರೆ. ಅದಕ್ಕೆ ಒಂದು ಹಳ್ಳಿಯವರು ಇನ್ನೊಂದು ಹಳ್ಳಿಗೆ ಹೋಗಿ ಕೇಳಬೇಕು ಅಂದರು.

ಇನ್ನು ಬೇಜಾರಾದ ವಿಷಯ. ಕನ್ನಡದ ಫಾರಂಗಳನ್ನು ಯಾರೂ ಬಾಯಿಬಿಟ್ಟು ಓದಿ ನೋಡಿದ ಹಾಗಿಲ್ಲ. 'ಸಮವಯಸ್ಕ ಬೆಂಬಲಿಗರು' ಅಂತ ಅಚ್ಚು ಮಾಡಿದ್ದಾರೆ. ನಮ್ಮಲ್ಲಿ 35ರ ಹೆಂಗಸು 70ರ ಅಜ್ಜಿಗೆ ದಾರಿ ಹೇಳುತ್ತಾಳೆ, ವಯಸ್ಸಿಗೂ ಇದಕ್ಕೂ ಏನು ಸಂಬಂಧ? 'ನಿಮ್ಮ ಹಾಗೇ ಶುಗರ್ ಇರೋರು' ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಅತ್ತೆಯ ಮುಂದೆ ಕೂತ ಸೊಸೆಯನ್ನು "ಮಾತ್ರೆಗೆ ದುಡ್ಡು ಯಾರು ಕೊಡ್ತಾರೆ?" ಅಂತ ಹೇಗೆ ಕೇಳುವುದು, ಬರೆದುಕೊಂಡ ಹಾಳೆಯನ್ನು ಯಾರ ಮನೆಯಲ್ಲಿ ಇಡುವುದು, ಇದಕ್ಕೆ ಹತ್ತೇ ನಿಮಿಷ ಕೊಟ್ಟರು. ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದಕ್ಕೆ ಮಧ್ಯಾಹ್ನವಿಡೀ ಹೋಯಿತು. ನಮ್ಮಂಥ ಸಣ್ಣ ಗುಂಪಿಗೆ ಅದು ಬೇಕಿರಲಿಲ್ಲ.

ಗುಂಪು ಇನ್ನೂ ಶುರುವಾಗಿಲ್ಲ ಅನ್ನುವವರು ಖಂಡಿತ ಹೋಗಿ, ಆಗಲೇ ಹೆಚ್ಚು ಪ್ರಯೋಜನ. ಒಬ್ಬರೇ ಹೋಗಬೇಡಿ, ಹಳ್ಳಿಯಲ್ಲಿ ಗುಂಪು ನಡೆಸುವ ಒಬ್ಬರನ್ನು ಕರೆದುಕೊಂಡು ಹೋಗಿ, ನಿಮ್ಮ ಹಾಜರಿ ಪುಸ್ತಕ ಜೊತೆಗಿರಲಿ. ಬಿಟ್ಟುಹೋದ 11 ಜನರಲ್ಲಿ ನಾಲ್ವರನ್ನು ಈ ವಾರ ಕಂಡು ಬಂದೆ. ಇಬ್ಬರಿಗೆ ಬುಧವಾರ ಸಂತೆಯಂತೆ.